ಎಂಟನೇ ನಂಬರಿನ ಸಿನಿಮಾ ಮತ್ತು ಎರಡನೇ ಕಪ್ಪು

"ಏ ವಿಜೂ, ನಿಂದರ ಸ್ವಲ್ಪ. ಆ ಎರಡನೇ ಕಪ್ ಯಾರಿಗವಾ?"

ಲಿಫ್ಟಿನ ಬಾಗಿಲಿಗೆ ಕೈ ಅಡ್ಡ ಇಟ್ಟು ಸಾವಕ್ಕ ಹೀಗೆ ಕೇಳಿದಾಗ ಬೆಳಗಿನ ಎಂಟೂ ಹತ್ತು. ನನ್ನ ಲೋಕಲ್ ರೈಲು ಎಂಟೂ ಇಪ್ಪತ್ತೆಂಟಕ್ಕೆ. ಮಲಾಡ್ ಸ್ಟೇಷನ್ನಿಗೆ ಆ ಹೊತ್ತಿನಲ್ಲಿ ರಿಕ್ಷಾ ಸಿಗುವುದೇ ಪೂರ್ವಜನ್ಮದ ಪುಣ್ಯ. ಅಂಥದರಲ್ಲಿ ಯಾವ ಕಪ್ಪು, ಯಾರ ಕಪ್ಪು?

"ಅದ ನಿನ್ನ ಎಂಟನೇ ನಂಬರ್ ಸಿನಿಮಾದ್ದು! ಕಡೀಕ ಆ ಹೆಣಮಗಳು ಟೇಬಲ್ ಮ್ಯಾಲ ಎರಡು ಕಪ್ ಇಟ್ಟು ಲೈಟ್ ಆರಿಸ್ತಾಳಲ್ಲ? ಒಂದು ಅಕಿದು. ಇನ್ನೊಂದು ಯಾರಿಗೆ? ನಾನೂ ನಿಮ್ಮ ಕಾಕಾನೂ ಮೂರು ದಿನದಿಂದ ಜಗಳಾಡಾಕತ್ತೀವಿ. ಬರದಾಕಿ ನೀನು, ನೀನ ಹೇಳು."

ಎರಡು ಕಪ್ಪು ಇಡುತ್ತಾಳಾ? ನನಗೇನು ಗೊತ್ತು? ನಾನು ಆ ಸಿನಿಮಾದ ಕೊನೆಯನ್ನು ನೋಡೇ ಇಲ್ಲ.

ನಿಮಗೆ ನೆನಪಿರಬಹುದು (ಇಲ್ಲದಿದ್ದರೆ ನನಗೆ ಇನ್ನೂ ಒಳ್ಳೆಯದು), ಹಿಂದಿನ ತಿಂಗಳು ಇದೇ ಅಂಕಣದಲ್ಲಿ ನನ್ನ ಮೆಚ್ಚಿನ ಹತ್ತು ಬ್ರಿಟಿಷ್ ಸಿನಿಮಾಗಳ ಪಟ್ಟಿ ಕೊಟ್ಟಿದ್ದೆ. ಎಂಟನೆಯದರ ಕೆಳಗೆ ಹೀಗೆ ಬರೆದಿದ್ದೆ: 'ಕೊನೆಯ ದೃಶ್ಯ ನೋಡಿ ಕಣ್ಣು ತುಂಬಿ ಬಂತು.' ಹತ್ತು ಸಿನಿಮಾಗಳ ಪಟ್ಟಿಯಲ್ಲಿ ಒಂದಕ್ಕಾದರೂ ಕಣ್ಣು ತುಂಬದಿದ್ದರೆ ಓದುಗರು ಏನಂದುಕೊಂಡಾರು?

ಬ್ರಿಟಿಷ್ ಸಿನಿಮಾ ನನಗೆ ಇಷ್ಟ ಅನ್ನುವುದು ಮಾತ್ರ ಸುಳ್ಳಲ್ಲ. ಅಲ್ಲಿ ಯಾರೂ ಕಿರುಚುವುದಿಲ್ಲ. ದುಃಖವಾದರೆ ಚಹಾಕ್ಕೆ ನೀರಿಡುತ್ತಾರೆ. ಪ್ರೀತಿಯಾದರೂ ಚಹಾಕ್ಕೇ ನೀರಿಡುತ್ತಾರೆ. ಮೂವತ್ತು ವರ್ಷ ಒಬ್ಬಳನ್ನೇ ಮನಸ್ಸಿನಲ್ಲಿಟ್ಟುಕೊಂಡ ಗಂಡಸು ಕೊನೆಗೂ ಧೈರ್ಯ ಮಾಡಿ ಬಾಯಿ ತೆರೆದು, 'ಹೊರಗೆ ಚಳಿ ಜಾಸ್ತಿ' ಅನ್ನುತ್ತಾನೆ. ರೈಲಿನ ಒಂದೇ ಡಬ್ಬಿಯಲ್ಲಿ ನಾಲ್ಕು ಭಾಷೆಯ ಜಗಳ ಕೇಳಿಸಿಕೊಳ್ಳುವ ನನಗೆ ಇಷ್ಟು ಮೆತ್ತಗಿನ ಜನ ಯಾಕೆ ಹಿಡಿಸಬಾರದು?

ತೊಂದರೆ ಇರುವುದು ನಾನು ನೋಡುವ ಜಾಗದಲ್ಲಿ. ಲೇಡೀಸ್ ಡಬ್ಬಿಯಲ್ಲಿ ಸೀಟು ಸಿಕ್ಕರೆ ಮೊಬೈಲಿನಲ್ಲಿ ಸಿನಿಮಾ. ದಾದರ್ ಬಂದರೆ ಮೊಬೈಲ್ ಬ್ಯಾಗಿಗೆ, ನಾನು ಬಾಗಿಲಿಗೆ. ಇಲ್ಲದಿದ್ದರೆ ಆಫೀಸಿರುವ ಲೋವರ್ ಪರೇಲಿನಲ್ಲಿ ಇಳಿಯಲಿಕ್ಕೆ ಆಗುವುದೇ ಇಲ್ಲ. ಹೀಗಾಗಿ ನನ್ನ ಎಷ್ಟೋ ಬ್ರಿಟಿಷ್ ಸಿನಿಮಾಗಳು ದಾದರಿನಲ್ಲೇ ಮುಗಿದುಬಿಟ್ಟಿವೆ. ಎಂಟನೆಯದಂತೂ ಅಲ್ಲಿಯ ತನಕವೂ ಬರಲಿಲ್ಲ. ಸಮುದ್ರದ ದಂಡೆಯ ಊರು, ಅಲ್ಲೊಂದು ಚಹಾದಂಗಡಿ, ಅದನ್ನು ನಡೆಸುವ ವಿಧವೆ. ದಿನಾ ನಾಲ್ಕು ಗಂಟೆಗೆ ಒಬ್ಬ ಮುದುಕ ಬಂದು ಚಹಾ ಆರಿದೆ ಎಂದು ಗೊಣಗುತ್ತಾನೆ, ಮರುದಿನ ಮತ್ತೆ ಬರುತ್ತಾನೆ. ಅಷ್ಟು ನೋಡಿದ್ದೆ. ಬಾಂದ್ರಾದಲ್ಲಿ ನಿದ್ದೆ ಬಂತು.

ಆದರೆ ಲಿಫ್ಟಿನೆದುರು ಇಷ್ಟೆಲ್ಲ ಪುರಾಣ ಹೇಳುತ್ತಾ ನಿಲ್ಲಲು ಆಗುತ್ತದೆಯೇ? ಮಹಾ ವಿಮರ್ಶಕಿಯ ಗತ್ತಿನಲ್ಲಿ ಹೇಳಿಬಿಟ್ಟೆ: "ಸತ್ತ ಗಂಡಗ ಸಾವಕ್ಕ, ಇನ್ಯಾರಿಗೆ? ಡೈರೆಕ್ಟರ್ ಭಾಳ ಸೂಕ್ಷ್ಮ ತೋರ್ಸ್ಯಾನ."

ಸಾವಕ್ಕನ ಮುಖ ಅರಳಿತು. "ನಾನೂ ಅದ ಅಂದೆ! ಈಗ ಹೋಗಿ ಹೇಳ್ತೀನಿ ಅವ್ರಿಗೆ." ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿಯೇ ಹೋದಳು. ನನಗೂ ಲೋಕಲ್ ಸಿಕ್ಕಿತು. ಪ್ರಕರಣ ಖತಂ ಅಂದುಕೊಂಡೆ.

ಸಾವಕ್ಕ, ಕಾಕಾ ಯಾರೆಂದು ಹೇಳಲಿಲ್ಲ ಅಲ್ಲವೇ? ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯ ದಂಪತಿ, ಬೆಳಗಾವಿ ಕಡೆಯವರು. ಕಾಕಾನದು ಸ್ಟೇಷನ್ ಹತ್ತಿರ ಸ್ಟೀಲ್ ಪಾತ್ರೆಯ ಅಂಗಡಿ. ಬೆಳಿಗ್ಗೆ ಹೋದರೆ ರಾತ್ರಿಯೇ ಮನೆ, ಮೂವತ್ತೈದು ವರ್ಷ ಹೀಗೇ. ನಾಲ್ಕು ತಿಂಗಳ ಹಿಂದೆ ಪರೇಲಿನ ಆಸ್ಪತ್ರೆಯಲ್ಲಿ ಬೈಪಾಸ್ ಆಯಿತು. ಡಾಕ್ಟರು ಅಂಗಡಿ ಬೇಡ ಎಂದರು. ಲಗ್ನವಾದ ಮೇಲೆ ಮೊದಲ ಸಲ ಗಂಡ ಹೆಂಡತಿ ಮಧ್ಯಾಹ್ನದ ಹೊತ್ತು ಎದುರುಬದುರು ಕೂತಿದ್ದರು, ಮತ್ತು ಇಬ್ಬರಿಗೂ ಏನು ಮಾತಾಡಬೇಕೋ ತಿಳಿಯುತ್ತಿರಲಿಲ್ಲ. ಆಗ ಸಿಕ್ಕಿದ್ದು ನನ್ನ ಪಟ್ಟಿ. ಊಟವಾದ ಮೇಲೆ ದಿನಕ್ಕೊಂದು ಸಿನಿಮಾ. ಇಂಗ್ಲಿಷ್ ಕಾಕಾನಿಗೆ ಅಷ್ಟಿಷ್ಟು ಬರುತ್ತದೆ. ಸಾವಕ್ಕನಿಗೆ? "ಭಾಷೆ ಬರೂದಿಲ್ಲವಾ, ಮಾರಿ ಓದಾಕ ಬರತೈತಿ," ಎಂದು ಪರದೆಯ ಮೇಲಿನ ಮುಖಗಳನ್ನು ತೋರಿಸುತ್ತಾಳೆ.

ಮರುದಿನ ಸಂಜೆ ಆಫೀಸಿನಿಂದ ಬಂದಾಗ ಕಾಕಾ ಗೇಟಿನ ಹತ್ತಿರದ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಮುಖ ಸಪ್ಪಗಿತ್ತು.

"ಏನ್ ಕಾಕಾ, ಇವತ್ತು ಯಾವ ಸಿನಿಮಾ?"

"ಸಿನಿಮಾ ಬಂದ್ ಮಾಡೀವ್ರಿ," ಅಂದರು. ಆಮೇಲೆ, "ಹಂಗಾದ್ರ ಆ ಹೆಣಮಗಳು ಕಡೀತನಕಾ ಒಬ್ಬಾಕಿನ ಉಳದ್ಲು ಅನ್ರಿ," ಅಂದರು.

ನಾನು ಪಕ್ಕದಲ್ಲಿ ಕೂತೆ.

"ಆಪರೇಷನ್ ಆದಾಗಿನಿಂದ ಇಕಿಗೆ ಒಂದ ಮಾತು ಹೇಳಬೇಕಂತ ಒದ್ದಾಡಾಕತ್ತೇನ್ರಿ. ನಾ ಇಲ್ಲಂದ್ರ ಇಕಿ ಚಾ ಕುಡಿಯೂದ ಬಿಟ್ಟು ಮೂಲಿ ಹಿಡದ ಕುಂದರ್ತಾಳ. ನನಗ ಗೊತ್ತೈತಿ. ಹಂಗ ಮಾಡಬ್ಯಾಡ, ಯಾರ್ನರ ಕರದು ಕೂಡಿ ಕುಡಿ, ನಕ್ಕೋಂತ ಇರು ಅಂತ ಹೇಳಾಕ ಹೋದ್ರ ಕಿವಿ ಮುಚ್ಗೋತಾಳ. ಈ ಸಿನಿಮಾ ನೋಡಿ, ದೇವರ ಕೊಟ್ಟಂಗ ಆತು ಅಂದ್ಕೊಂಡೆ. ನೋಡು, ಆ ಎರಡನೇ ಕಪ್ ಮುದುಕಗ, ನಾಳಿ ನಾಕ ಗಂಟೆಕ್ಕ ಬರಾಂವಗ ಅಂದೆ. ಇಕಿ ಅಲ್ಲ ಅಂದ್ಲು. ಇನ್ನೇನ್ ಒಪ್ತಿದ್ಲೋ ಏನೋ, ನೀವ್ ಅಂಪೈರ್ ಆಗಿ ನನಗ ಔಟ್ ಕೊಟ್ಟಬಿಟ್ರಿ."

ಬೆಂಚಿನ ಮೇಲೆ ಕೂತಲ್ಲೇ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಒಂದು ಲೋಕಲ್ ತಪ್ಪಬಾರದು ಅಂತ ನಾನು ಆಡಿದ ಸುಳ್ಳು ಯಾವ ಮನೆಯೊಳಗೆ ಹೋಗಿ ಕೂತಿತ್ತು ನೋಡಿ! ಬಾಯಿಬಿಟ್ಟು ಹೇಳಲಾಗದ ಗಂಡಸರು ಬ್ರಿಟಿಷ್ ಸಿನಿಮಾದಲ್ಲಿ ಮಾತ್ರ ಇರುತ್ತಾರೆ ಎಂದುಕೊಂಡಿದ್ದವಳೂ ನಾನೇ.

ಮನೆಗೆ ಬಂದು ಮಗಳಿಗೆ ಹೇಳಿದೆ. ಮಲಾಡಿನಲ್ಲೇ ಹುಟ್ಟಿ ಬೆಳೆದವಳು, ಅವಳ ಕನ್ನಡ ಅರ್ಧ ದಾರಿಯಲ್ಲಿ ಹಿಂದಿಯ ಗಾಡಿ ಹತ್ತುತ್ತದೆ.

"ಮಮ್ಮಿ, ನೀನು ಎಂಡ್ ನೋಡಿಲ್ಲ ನಾ? ಫಿರ್ ಬರೆದೆ ಕ್ಯೂಂ?"

"ಎಲ್ಲರೂ ಹಂಗ ಬರೀತಾರ," ಅಂದೆ.

"ತೋ ಹೋಗಿ ಸಾರಿ ಬೋಲ್," ಅಂದಳು. ಅಷ್ಟೇ. ಮಕ್ಕಳು ಇಷ್ಟು ಕಡಿಮೆ ಮಾತಾಡಿದರೆ ಸಿಟ್ಟು ಬರುತ್ತದೆ.

ಹೋದೆ. ಸಾವಕ್ಕ ಹೊಸ್ತಿಲಲ್ಲೇ ಸಿಕ್ಕಳು, ಕಾಕಾ ಒಳಗೆ ಖುರ್ಚಿಯಲ್ಲಿ. ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ: "ಸಾವಕ್ಕ, ನಾ ಆ ಸಿನಿಮಾ ಪೂರ್ತಿ ನೋಡಿಲ್ರಿ. ಬಾಯಿಗೆ ಬಂದದ್ದು ಹೇಳಿದೆ. ಕಣ್ಣು ತುಂಬಿ ಬಂತು ಅಂತ ಬರೆದದ್ದೂ ಸುಳ್ಳು."

ಬೈಯುತ್ತಾಳೆ ಅಂದುಕೊಂಡೆ. ಸಾವಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅಯ್ಯ ಸುಳ್ಳಬುರಕಿ! ಅದಕ್ಕ ಅವತ್ತ ಲಿಫ್ಟ್‌ನಾಗ ನಿನ್ನ ಮಾರಿ ಒಂದ್ ನಮೂನಿ ಇತ್ತು. ಐತವಾರ ಊಟಕ್ಕ ಬಾ. ಮೂವರೂ ಕೂಡಿ ನೋಡೂಣು. ಆಮ್ಯಾಲ ಹೇಳುವಂತಿ."

ಭಾನುವಾರ ಹೋದೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಕಾಕಾನಿಗೆ ಬೇರೆ, ಉಪ್ಪಿಲ್ಲದ ಸಾರು. ಸಿನಿಮಾ ಶುರುವಾಯಿತು. ಸಾವಕ್ಕನ ಜೊತೆ ಬ್ರಿಟಿಷ್ ಸಿನಿಮಾ ನೋಡುವುದೇ ಒಂದು ಹಬ್ಬ. "ಆ ಚಾದಾಗ ತಣ್ಣನ ಹಾಲ ಹಾಕ್ಯಾಳ ನೋಡು, ಆರದ ಏನ್ ಮಾಡತೈತಿ?" "ಏ ಮುದುಕಾ, ಬಾಯಿಬಿಟ್ಟು ಹೇಳೋ, ವಯಸ್ಸ ಎಲ್ಲಿ ಉಳದೈತಿ ನಿನಗ?" ಮುದುಕನಿಗೆ ಕೇಳಿಸಲಿಲ್ಲ. ಖುರ್ಚಿಯಲ್ಲಿದ್ದ ಕಾಕಾ ಮಾತ್ರ ಕೆಮ್ಮಿದರು.

ಆಮೇಲೆ? ನಾಚಿಕೆ ಬಿಟ್ಟು ಹೇಳುತ್ತೇನೆ. ಹೋಳಿಗೆ ತನ್ನ ಕೆಲಸ ಮಾಡಿತು. ಬಾಂದ್ರಾ ಬರುವ ಹೊತ್ತಿಗೆ ಮಲಗುವ ರೂಢಿ ಇರುವ ದೇಹ, ಸೋಫಾದ ಮೇಲೆ ಅದೇ ಜಾಗಕ್ಕೆ ಸರಿಯಾಗಿ ಕಣ್ಣು ಮುಚ್ಚಿತು.

ಎಚ್ಚರವಾದಾಗ ಮೈಮೇಲೆ ಶಾಲು ಇತ್ತು. ಗಡಿಯಾರದಲ್ಲಿ ನಾಲ್ಕು ದಾಟಿತ್ತು. ಮುಗಿಯಿತು ಮಾನ, ಎರಡನೇ ಸಲವೂ ಹೋಯಿತು ಅಂದುಕೊಂಡು ಟಿವಿ ನೋಡಿದರೆ, ಮುದುಕ ಇನ್ನೂ ಚಹಾದಂಗಡಿಯ ಬಾಗಿಲಲ್ಲಿ ಒಂದು ಕಾಲು ಒಳಗಿಟ್ಟು ನಿಂತಿದ್ದ. ಅಲುಗಾಡುತ್ತಿರಲಿಲ್ಲ. ಸಾವಕ್ಕ, ಕಾಕಾ ಇಬ್ಬರೂ ಅವನನ್ನೇ ನೋಡುತ್ತಾ ಕೂತಿದ್ದರು.

"ಯಾಕ, ಟಿವಿ ಕೆಟ್ಟತೇನ್ರಿ?" ಅಂದೆ.

"ನೀವು ನಿದ್ದಿ ಮಾಡಿದ್ರಲ್ಲ, ನಿಂದರ್ಸೀವ್ರಿ," ಅಂದರು ಕಾಕಾ. "ಕಡೀದು ನೀವು ನೋಡಿಲ್ಲಲ್ಲ."

ಒಂದು ತಾಸು. ಒಮ್ಮೆ ನೋಡಿ ಮುಗಿಸಿದ ಸಿನಿಮಾ ನಿಲ್ಲಿಸಿ, ನಿದ್ದೆ ಕೆಡಬಾರದೆಂದು ಪಿಸುಮಾತನ್ನೂ ಆಡದೆ ಕೂತಿದ್ದರು. ನನ್ನ ಸ್ವಂತ ಗಂಡ ನನಗಾಗಿ ಒಂದು ಓವರಿನಷ್ಟು ಹೊತ್ತೂ ಕ್ರಿಕೆಟ್ ನಿಲ್ಲಿಸಿದವರಲ್ಲ.

ಕೊನೆಯ ದೃಶ್ಯ ನೋಡಿದೆ. ಅಂಗಡಿ ಮುಚ್ಚಿದ ಮೇಲೆ ಆಕೆ ಎರಡು ಕಪ್ಪು ಇಡುತ್ತಾಳೆ. ಒಂದರ ಕಿವಿ ತನ್ನ ಕಡೆಗೆ, ಇನ್ನೊಂದರ ಕಿವಿ ಖಾಲಿ ಖುರ್ಚಿಯ ಕಡೆಗೆ ತಿರುಗಿಸುತ್ತಾಳೆ. ದೀಪ ಆರುತ್ತದೆ. ಕಣ್ಣು ತುಂಬಿ ಬಂತು. ಈ ಸಲ ನಿಜವಾಗಿಯೂ.

"ಈಗರ ಹೇಳವಾ," ಅಂದಳು ಸಾವಕ್ಕ. ಕಾಕಾನೂ ನನ್ನ ಕಡೆ ನೋಡಿದರು, ಆದರೆ ಒತ್ತಾಯವಿರಲಿಲ್ಲ.

"ಗೊತ್ತಾಗಲಿಲ್ಲ ಸಾವಕ್ಕ. ಖರೇನ ಗೊತ್ತಾಗಲಿಲ್ಲ."

ಸಾವಕ್ಕ ಎದ್ದು ಅಡುಗೆಮನೆಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ತಾಟು, ಅದರಲ್ಲಿ ಮೂರು ಕಪ್ಪು. ಕಣ್ಣು ಕೆಂಪಾಗಿತ್ತು. ಕಾಕಾನ ಸಕ್ಕರೆಯಿಲ್ಲದ ಕಪ್ಪನ್ನು ಅವರ ಮುಂದಿಟ್ಟು, ಅವರ ಮುಖ ನೋಡದೆ ಹೇಳಿದಳು:

"ಆತು, ನೀವ ಹೇಳಿದಂಗ ಇಡ್ತೀನಿ. ಎರಡ ಕಪ್ಪ ಇಡ್ತೀನಿ. ಈ ಸುಳ್ಳಬುರಕಿ ಬರ್ತಾಳ ಕುಡಿಯಾಕ. ಅಲ್ಲೀ ತನಕಾ ನೀವ ಕುಡೀರಿ, ಆರಾಕತ್ತೈತಿ."

ಕಾಕಾ ಕುಡಿದರು. ಆರಿದೆ ಎಂದು ಗೊಣಗಿದರು ಕೂಡ.

ಆದ್ದರಿಂದ ಓದುಗರೇ, ಪಟ್ಟಿಯಲ್ಲಿ ಸಣ್ಣ ತಿದ್ದುಪಡಿ: ಎಂಟನೇ ನಂಬರು ಇನ್ನು ಮುಂದೆ ಒಂದನೇ ನಂಬರು. ಉಳಿದ ಒಂಬತ್ತನ್ನು ದಾದರಿನ ಆಚೆಗೂ ನೋಡಿದ್ದೀರಾ ಅಂತ ಲಿಫ್ಟಿನ ಹತ್ತಿರ ಮಾತ್ರ ಯಾರೂ ಕೇಳಬೇಡಿ.