ಗಂಡನ ಗೆರೆಯ ಮೇಲೆ ಇರ್ಮೆಲಿಯ ಕಣ್ಣು

ಇರ್ಮೆಲಿ ಮಂಗಳವಾರ ಬೆಳಿಗ್ಗೆ ತೀರಿಕೊಂಡಳು. ಹೃದಯ ನಿಂತಿತು. ಅರವತ್ತೊಂದು ವರ್ಷ. ಗಂಡ ತೌನೊ ನನಗೆ ಫೋನ್ ಮಾಡಿ ಹೇಳಿದ.

ಫಿನ್‌ಲೆಂಡಿನ ನಮ್ಮ ಈ ಸಣ್ಣ ಊರಿನ ಈಜುಕೊಳದಲ್ಲಿ ಅವಳು ಟಿಕೆಟ್ ಕೊಡುತ್ತಿದ್ದಳು. ತೌನೊನನ್ನು ಅವಳು ಮೊದಲು ಕಂಡದ್ದು ಇಬ್ಬರೂ ಚಿಕ್ಕವರಿದ್ದಾಗ, ಸಕ್ಕರೆ ಕಾಯಿಲೆಯ ಮಕ್ಕಳ ಬೇಸಿಗೆ ಶಿಬಿರದಲ್ಲಿ. ಅಲ್ಲಿಯ ಅಡುಗೆಯವಳ ಮಗಳು ನಾನು. "ಅವನಿಗೆ ಸೂಜಿ ನೋಯೋದೇ ಇಲ್ಲ, ನಂಗೆ ಮಾತ್ರ ನೋಯುತ್ತೆ" ಎಂದು ಅವಳು ಅತ್ತದ್ದು ನನಗೆ ನೆನಪಿದೆ. ಅವನನ್ನೇ ಮದುವೆಯಾದಳು, ದೂರು ಮಾತ್ರ ಮುಗಿಯಲಿಲ್ಲ.

ಮುಂದೆ ಇಬ್ಬರಿಗೂ ಒಂದೇ ನಮೂನೆಯ ಇನ್ಸುಲಿನ್ ಪಂಪು ಬಂತು. ತೋಳಿಗೆ ಅಂಟಿಸಿದ ಸೆನ್ಸರ್ ಸಕ್ಕರೆ ಅಳೆದು ತಿಳಿಸುತ್ತದೆ. ಸೊಂಟದ ಪಂಪು ಅದಕ್ಕೆ ತಕ್ಕಷ್ಟು ಔಷಧಿ ಬಿಡುತ್ತದೆ. ಒಬ್ಬರ ಸಕ್ಕರೆಯ ಗೆರೆ ಇನ್ನೊಬ್ಬರ ಫೋನಿನಲ್ಲೂ ಕಾಣುತ್ತಿತ್ತು. ಅಲ್ಲಿಗೆ ಇರ್ಮೆಲಿಯ ನೆಮ್ಮದಿ ಹೋಯಿತು. ಇಲ್ಲಿಯ ಅಳತೆಯಲ್ಲಿ ಸಕ್ಕರೆ ನಾಲ್ಕರಿಂದ ಹತ್ತರೊಳಗೆ ಇದ್ದರೆ ಕ್ಷೇಮ. ತೌನೊನ ಗೆರೆ ಆರರ ಮೇಲೆ ಮಲಗಿಬಿಟ್ಟಿರುತ್ತಿತ್ತು. ಅವಳದ್ದು ಏರಿ ಇಳಿದು ಕುಣಿಯುತ್ತಿತ್ತು.

"ಮೂರು ಬನ್ ತಿಂದ, ನೋಡೇ! ಗೆರೆ ಅಲುಗಾಡಿದ್ಯಾ? ನಾನು ಬನ್ನಿನ ವಾಸನೆ ನೋಡಿದ್ರೆ ಸಾಕು, ಹದಿಮೂರು!"

"ನಿಂಗೆ ಏರೋದು ಬನ್ನಿಂದಲ್ಲ ಮಾರಾಯ್ತಿ, ಹೊಟ್ಟೆಕಿಚ್ಚಿಂದ," ಎನ್ನುತ್ತಿದ್ದ ತೌನೊ.

ಅವನ ಯಂತ್ರವೇ ಒಳ್ಳೆಯದು, ತನಗೆ ಕಳಪೆಯದು ಬಂದಿದೆ ಎಂದು ಅವಳು ನಂಬಿದ್ದಳು. ಅವನನ್ನು ಒಂದು ಸಲವಾದರೂ ಸೋಲಿಸಬೇಕು, ಅವನೇ ಒಪ್ಪಿಕೊಳ್ಳಬೇಕು. ಬೇರೆ ಆಸೆ ಅವಳಿಗಿದ್ದದ್ದು ನಾನು ಕಾಣೆ.

ಶನಿವಾರ ಅವರ ಮನೆಯಲ್ಲಿ ಸೌನಾ, ಅಂದರೆ ಬಿಸಿಹಬೆಯ ಸ್ನಾನ; ಆಮೇಲಿನ ಕಾಫಿಗೆ ನಾನೂ ಹೋಗುತ್ತಿದ್ದೆ. ಆ ಬಿಸಿಗೆ ಇನ್ಸುಲಿನ್ ಕೆಡುತ್ತದೆಂದು ಇಬ್ಬರೂ ಪಂಪು ಬಿಚ್ಚಿ ಹೊರಕೋಣೆಯ ತಣ್ಣನೆಯ ಹಲಗೆಯ ಮೇಲಿಟ್ಟು ಒಳಗೆ ಹೋಗುತ್ತಿದ್ದರು. ಹೋದ ಡಿಸೆಂಬರಿನ ಒಂದು ಶನಿವಾರ ಇರ್ಮೆಲಿ ಮೊದಲು ಹೊರಬಂದಳು. ಬಟ್ಟೆ ಹಾಕಿಕೊಂಡು ಕಾಫಿಗೆ ಬಂದು ಕೂತಾಗ ಅವಳ ಮುಖದಲ್ಲಿ ಏನೋ ಗೆದ್ದ ಕಳೆ.

ಕಾಫಿ, ಬನ್ನು ಸಾಗಿ ಗಂಟೆ ಕಳೆದಾಗ ತೌನೊನ ಸೊಂಟದ ಪಂಪು ಕಿರುಚಿತು. ಸಕ್ಕರೆ ಮೂರಕ್ಕಿಳಿದಿದೆ ಎಂದಿತು. ಅವನು ಗಾಬರಿಯಿಂದ ಇನ್ನೊಂದು ಬನ್ ಬಾಯಿಗೆ ತುರುಕಿಕೊಂಡ. ಇರ್ಮೆಲಿ ತನ್ನ ಫೋನಿನಲ್ಲಿ ಎಂದಿನಂತೆ ಅವನ ಗೆರೆಯನ್ನೇ ನೋಡುತ್ತಿದ್ದಳು.

"ಹದಿನಾಲ್ಕು! ತೌನೊ, ಹದಿನಾಲ್ಕು! ಕೊನೆಗೂ ಏರಿದ್ಯಲ್ಲೋ!"

"ಹದಿನಾಲ್ಕೆಲ್ಲಿ? ಮೂರು ಅಂತಿದೆ ಇದು."

"ಹದಿನೈದು!" ಎಂದಳು. ಅವಳ ಹಣೆಯಿಂದ ಬೆವರು ಇಳಿಯುತ್ತಿತ್ತು, ಕೈ ನಡುಗುತ್ತಿತ್ತು, ನಗು ಮಾತ್ರ ಮುಖ ಬಿಟ್ಟಿರಲಿಲ್ಲ.

ತೌನೊ ಅವಳ ಮುಖ ನೋಡಿದ. ಬನ್ ಕೆಳಗಿಟ್ಟ. "ಇರ್ಮೆಲಿ, ಹಲಗೆ ಮೇಲಿಂದ ಯಾವ್ದು ತಗೊಂಡೆ?"

"ನಿಂದೇ. ನೋಡ್ಕೊಂಡೇ ತಗೊಂಡೆ. ನಂಗೂ ಒಂದಿನ ಒಳ್ಳೇದು ಬೇಡ್ವಾ?"

ಪಂಪು ಅವಳ ಸೊಂಟದಲ್ಲಿದ್ದರೂ ಅದು ಕೇಳುತ್ತಿದ್ದದ್ದು ತೌನೊನ ತೋಳಿನ ಮಾತನ್ನು. ಅವನು ತಿಂದ ಬನ್ನಿಗೆಲ್ಲ ಇವಳ ಮೈಗೆ ಔಷಧಿ ಹೋಗಿತ್ತು. ಇತ್ತ ಇವಳ ಸಕ್ಕರೆ ಇಳಿದಂತೆ ಅವನಿಗೆ ಔಷಧಿಯೇ ನಿಂತಿತ್ತು. ತೌನೊ ಅವಳ ಸೊಂಟದಿಂದ ಪಂಪು ಕಿತ್ತ. ನಾನು ಚಮಚದಲ್ಲಿ ಜೇನು ತಿನ್ನಿಸಿದೆ.

ನಡುಕ ನಿಂತ ಮೇಲೆ ಅವಳ ಮೊದಲ ಮಾತು: "ಎಷ್ಟಕ್ಕೆ ಹೋಗಿತ್ತು, ಅವನದ್ದು?"

"ಹದಿನೇಳು," ಎಂದೆ.

"ಹಂಗಾದ್ರೆ ಪರವಾಗಿಲ್ಲ."

ತೌನೊ ನಗಲಿಲ್ಲ. "ನೀನು ಸತ್ತೇ ಹೋಗ್ತಿದ್ದೆ ಕಣೇ."

"ಸೋತೆ ಅಂತ ಹೇಳು, ಸಾಕು."

"ಕದ್ದು ಗೆದ್ದದ್ದು ಲೆಕ್ಕಕ್ಕಿಲ್ಲ," ಎಂದು ಅವನು ಎದ್ದು ಹೋದ. ಆ ಮಾತು ಅವಳನ್ನು ಚಳಿಗಾಲವಿಡೀ ಕೊರೆಯಿತು. ಈಜುಕೊಳದಲ್ಲಿ ಸಿಕ್ಕಾಗಲೆಲ್ಲ ಅದನ್ನೇ ಹೇಳುತ್ತಿದ್ದಳು.

ತೌನೊ ಫೋನಿನಲ್ಲಿ ಹೇಳಿದ್ದು ಇಷ್ಟು: ಅವಳ ಹೃದಯ ನಿಲ್ಲುವ ಸ್ವಲ್ಪ ಮುಂಚೆ, ಆ ಮಂಗಳವಾರ ಬೆಳಿಗ್ಗೆ, ಅವನು ಅಂಗಳದ ಹಿಮ ಎತ್ತಿಹಾಕುತ್ತಿದ್ದ. ಕೆಲಸದ ಭರದಲ್ಲಿ ಅವನ ಗೆರೆ ಇಳಿದದ್ದನ್ನು ಅಡುಗೆಮನೆಯಿಂದ ಮೊದಲು ಕಂಡವಳು ಅವಳೇ. ಕೋಟು ಕೂಡ ಹಾಕದೆ ಉಣ್ಣೆಯ ಕಾಲುಚೀಲದಲ್ಲೇ ಹಣ್ಣಿನ ರಸದ ಲೋಟ ಹಿಡಿದು ಹೊರಗೆ ಹೋದಳು. ಅವನು ಕುಡಿದು ಮುಗಿಸುವವರೆಗೂ ನಿಂತಳು. ಆಮೇಲೆ ತನ್ನ ಫೋನನ್ನು ಅವನ ಮೂಗಿನ ಹತ್ತಿರ ಹಿಡಿದಳು.

"ನಿಂದು ಮೂರೂವರೆ. ನಂದು ಎಷ್ಟು, ಓದು. ಜೋರಾಗಿ ಓದು."

"ಆರು," ಎಂದು ಅವನು ಓದಿದ. "ಆಯ್ತು ಮಾರಾಯ್ತಿ, ಇವತ್ತು ನೀನೇ ಗೆದ್ದೆ."

ಅವಳು ಇನ್ನೊಂದು ಸಲ ಓದಿಸಿದಳು.