ಸೆಟ್ಲಾರೆ ಮೇಷ್ಟ್ರ ನಿಲ್ಲದ ಜಗತ್ತು

ಮೆಡೋಲ್ಯಾಂಡ್ಸ್ ಬಡಾವಣೆಯ ಸೆಟ್ಲಾರೆ ಮೇಷ್ಟ್ರು ಮೊದಲಿಂದಲೂ ಹಾಗೆಯೇ, ಹಿಡಿದದ್ದನ್ನು ಬಿಡುವವರಲ್ಲ. ಮದುವೆಯ ದಿನ ಪಾದ್ರಿ ಎರಡು ಸಲ ಕೇಳಿದ ಮೇಲೆಯೇ ಹೂಂ ಅಂದದ್ದು. ತಲೆಯಲ್ಲಿ ಲೆಕ್ಕ ಓಡುತ್ತಿತ್ತಂತೆ. ಹೆಂಡತಿ ಖುಮೊ ಈಗಲೂ ಅದನ್ನು ಹೇಳಿಕೊಂಡು ನಗುತ್ತಾಳೆ. ಅದಿರಲಿ.

ಜೊಹಾನ್ಸ್‌ಬರ್ಗ್‌ನ ವಿಶ್ವವಿದ್ಯಾಲಯದಲ್ಲಿ ಅವರದು ಭೌತಶಾಸ್ತ್ರದ ತಂತು ಸಿದ್ಧಾಂತ, ಅಂದರೆ ಸ್ಟ್ರಿಂಗ್ ಥಿಯರಿ. ಉದ್ದ, ಅಗಲ, ಎತ್ತರಗಳಲ್ಲದೆ ಕಣ್ಣಿಗೆ ಕಾಣದಷ್ಟು ಮುದುಡಿಕೊಂಡ ಆಯಾಮಗಳು ಇವೆಯಂತೆ. ಸುಮ್ಮನೆ ಬಿಟ್ಟರೆ ಉಬ್ಬುತ್ತವೆ, ಇಲ್ಲವೇ ಕುಸಿಯುತ್ತವೆ. ಸೌದೆ ಹೊರೆಗೆ ಹಗ್ಗ ಬಿಗಿದಂತೆ ಅವಕ್ಕೆ ಫ್ಲಕ್ಸ್ ಎಂಬ ಬಲದ ಸುತ್ತುಗಳನ್ನು ಬಿಗಿಯಬೇಕು. ಎಷ್ಟು ಸುತ್ತು ಹಾಕಬಹುದೆಂಬುದಕ್ಕೂ ಒಂದು ಮಿತಿಯಿದೆ. ಆ ಮಿತಿಯೊಳಗೇ ಅಲುಗದೆ ನಿಲ್ಲುವ ಒಂದು ಜಗತ್ತನ್ನು ಕಾಗದದ ಮೇಲೆ ಕಟ್ಟಲು ಹೋಗಿ ಮೇಷ್ಟ್ರ ತಲೆ ನರೆಯಿತು, ಪಾಪ. ಕೊನೆಗೂ ಕಟ್ಟಿದರು. ನಿವೃತ್ತಿಯ ದಿನದ ಭಾಷಣದಲ್ಲಿ ಅದನ್ನೇ ತೋರಿಸುವುದೆಂದಾಯಿತು.

ಭಾಷಣಕ್ಕೆ ಮುಂಚೆ ಮೇಷ್ಟ್ರು ಚಹಾ ಕುಡಿಯುತ್ತಿದ್ದಲ್ಲಿಗೆ ಶಿಷ್ಯೆ ಒರಾಟಿಲೆ ಬಂದಳು. ಮುಖ ಬಾಡಿತ್ತು. ಮೇಷ್ಟ್ರನ್ನು ಅವಳು ಕರೆಯುತ್ತಿದ್ದುದು ನ್ತಾತೆ, ಅಂದರೆ ಅಪ್ಪಾ, ಎಂದೇ.

"ನ್ತಾತೆ, ಒಂದ್ ಮಾತು."

"ಟೈ ಸೊಟ್ಟಗಿದ್ಯಾ? ಖುಮೊ ಆಗ್ಲೇ ಬೈದಾಯ್ತು."

"ಟೈ ಅಲ್ಲ. ನಾವ್ ಕಟ್ಟಿದ ಜಗತ್ತಲ್ಲಿ ಅರ್ಧ ಇನ್ನರ್ಧದ ಕನ್ನಡಿ ಅಲ್ವಾ? ಸುತ್ತುಗಳನ್ನ ಒಂದೇ ಅರ್ಧದಲ್ಲಿ ಎಣಿಸಿದೀವಿ. ಮಿತಿ ಮಾತ್ರ ಎರಡೂ ಸೇರಿಸಿ ಇಟ್ಕೊಂಡಿದೀವಿ."

ಮೇಷ್ಟ್ರು ಲೋಟ ಕೆಳಗಿಟ್ಟರು. ಬೆರಳಿಂದ ಮೇಜಿನ ಮೇಲೆ ಏನೋ ಗೀಚಿದರು, ಅಳಿಸಿದರು.

"ಹಂಗಾದ್ರೆ ಮಿತಿ ಅರ್ಧ. ಸುತ್ತು ಕಡಿಮೆ ಮಾಡಿದ್ರೆ?"

"ಒಂದ್ ಕಡೆ ಬಿಗಿ ತಪ್ಪತ್ತೆ, ಜಾರ್ಕೊಂಡ್ ಹೋಗತ್ತೆ. ಎಲ್ಲಾ ಥರ ಮಾಡಿ ನೋಡ್ದೆ." ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಇವತ್ತು ಯಾರಿಗೂ ಗೊತ್ತಾಗಲ್ಲ ನ್ತಾತೆ. ಮಾತಾಡ್ಬಿಡಿ. ನಾಳೆ ನೋಡ್ಕೊಳ್ಳೋಣ."

"ನಾಳೆ ನಂಗಿಲ್ಲಿ ಕೋಣೆನೇ ಇಲ್ವಲ್ಲ, ಮಗಳೇ."

ಸಭೆ ತುಂಬಿತ್ತು. ಮುಂದಿನ ಸಾಲಿನಲ್ಲಿ ಖುಮೊ ತನ್ನ ಚರ್ಚಿನ ಹೆಂಗಸರನ್ನು ಕಟ್ಟಿಕೊಂಡು ಕುಳಿತಿದ್ದಳು. ಮೇಷ್ಟ್ರು ಹಲಗೆಯ ಮುಂದೆ ನಿಂತು ಇಷ್ಟೇ ಹೇಳಿದರು: "ನಾನ್ ಕಟ್ಟಿದ್ದು ನಿಲ್ಲಲ್ಲ. ಯಾಕೆ ಅಂತ ಕಂಡ್ಹಿಡಿದೋಳು ಒರಾಟಿಲೆ. ಅವಳೇ ಹೇಳ್ತಾಳೆ." ಅವಳು ಬೇಡವೆಂದು ತಲೆಯಾಡಿಸಿದಳು. ಅವರು ಸೀಮೆಸುಣ್ಣ ಅವಳ ಕೈಗಿತ್ತು, ಬಂದು ಹೆಂಡತಿಯ ಪಕ್ಕ ಕುಳಿತರು. ಒರಾಟಿಲೆ ಹಲಗೆಯ ಮೇಲೆ ಬರೆದು ಎಲ್ಲ ಬಿಡಿಸಿ ಹೇಳಿದಳು. ಅವಳು ಮುಗಿಸಿದಾಗ ಚರ್ಚಿನ ಹೆಂಗಸರು ಜೋರಾಗಿ ಚಪ್ಪಾಳೆ ತಟ್ಟಿದರು.

ಖುಮೊ ಗಂಡನ ಕಿವಿಯ ಹತ್ತಿರ ಬಗ್ಗಿದಳು. "ಹುಡುಗಿ ಚೆನ್ನಾಗ್ ಹೇಳಿದ್ಲಾ?"

"ತುಂಬಾ ಚೆನ್ನಾಗ್ ಹೇಳಿದ್ಲು."

"ನಿಮ್ ಭಾಷಣ ಯಾವಾಗ?"

"ನಂದಿಲ್ಲ ಕಣೆ."

ಗಂಡನ ಭಾಷಣ ಮುಗಿದ ಮೇಲೆ ಎಲ್ಲರಿಗೂ ಹಂಚಲೆಂದು ಬೆಳಿಗ್ಗೆ ಕರಿದು ತಂದ ಮಗ್ವಿನ್ಯಾ ಎಂಬ ಹಿಟ್ಟಿನುಂಡೆಗಳ ಡಬ್ಬಿ ಅವಳ ಮಡಿಲಲ್ಲಿತ್ತು. ಮುಚ್ಚಳ ತೆಗೆಯಹೋದವಳು ಅದರ ಮೇಲೆ ಕೈಯಿಟ್ಟುಕೊಂಡು ಹಾಗೇ ಕುಳಿತಳು.