ಚೀಲ ಸುರುವ್ರಿ!

ಇಳಕಲ್ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ. ನಿರಿಗೆಯನ್ನು ಕಣಕಾಲಿಗಿಂತ ನಾಲ್ಕು ಬೆರಳು ಮೇಲೆತ್ತಿ ಸಿಕ್ಕಿಸಿಕೊಂಡು, ತಾಳಿಸರದ ಜೊತೆಗೇ ಸೀಟಿಯನ್ನೂ ಕೊರಳಲ್ಲಿ ಇಳಿಬಿಟ್ಟು, ನಮ್ಮ ಪಿ.ಟಿ. ಅಕ್ಕೋರು ಶಾಲೆಯ ಮೈದಾನಕ್ಕೆ ಇಳಿಯುತ್ತಿದ್ದರು. ಆ ಶೂಗಳಿಗೆ ಪ್ರತಿ ಸೋಮವಾರ ಸೀಮೆಸುಣ್ಣ ಬಳಿದು ಬರುತ್ತಿದ್ದರು. ತಾವರಗೇರಾದಲ್ಲಿ ಆಗ ಸೀರೆಯ ಕೆಳಗೆ ಶೂ ಹಾಕುವ ಹೆಂಗಸು ಅವರೊಬ್ಬರೇ. ನಕ್ಕವರು ನಕ್ಕರು, ಅಕ್ಕೋರು ನಡೆದರು.

ಒಂಬತ್ತನೇ ತರಗತಿಯ ಹುಡುಗಿಯರನ್ನು ವರ್ಷಕ್ಕೊಮ್ಮೆ ಗಂಗಾವತಿ ಕಡೆಯ ಬಂಡೆಗುಡ್ಡಕ್ಕೆ ಕರೆದೊಯ್ದು, ಒಂದು ರಾತ್ರಿ ಅಲ್ಲಿಯೇ ತಂಗಿಸಿ ಕರೆತರುವುದು ಅವರ ಹಟ. ಎರಡು ದಿನ ಮುಂಚೆ ಮೈದಾನದಲ್ಲಿ ಜಮಖಾನೆ ಹಾಸಿ, ಸೀಟಿ ಊದಿ, "ಚೀಲ ಸುರುವ್ರಿ!" ಎನ್ನುತ್ತಿದ್ದರು. ನನ್ನ ಚೀಲದಿಂದ ಬಿದ್ದದ್ದು: ದಪ್ಪನೆಯ ಕೌದಿ, ಎರಡು ಜರಿ ಲಂಗ, ಪೌಡರ್ ಡಬ್ಬಿ, ಕನ್ನಡಿ, ಗಾಜಿನ ಭರಣಿ ತುಂಬ ಉಪ್ಪಿನಕಾಯಿ. ಮದುವೆಗೆ ಹೊರಟವಳ ಗಂಟು!

ಅಕ್ಕೋರು ಬೈಯಲಿಲ್ಲ. ಎಲ್ಲವನ್ನೂ ಮತ್ತೆ ತುಂಬಿಸಿ, ಬೆನ್ನಿಗೇರಿಸಿ, ಮೈದಾನ ಮೂರು ಸುತ್ತು ಬರಲು ಹೇಳಿದರು. ಮೊದಲ ಸುತ್ತಿಗೆ ಭರಣಿ ಹೊರಬಂತು, ಎರಡನೆಯದಕ್ಕೆ ಕೌದಿ. ಮೂರನೆಯದಕ್ಕೆ ಕನ್ನಡಿಯ ಮೋಹವೂ ಹರಿಯಿತು.

"ಬೇಕಾದೀತು ಅನ್ನೂದನ್ನ ಮನ್ಯಾಗ ಬಿಡ್ರಿ. ಇಲ್ದಿದ್ರ ಆಗೂದೇ ಇಲ್ಲ ಅನ್ನೂದನ್ನ ತರ್ರಿ," ಎಂದರು.

ಹಾಗೆ ಉಳಿದದ್ದು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎರಡು ಉಳ್ಳಾಗಡ್ಡಿ, ನೀರಿನ ಬಾಟಲಿ, ಬ್ಯಾಟರಿ, ಚಾದರ, ಒಂದು ಜೊತೆ ಬಟ್ಟೆ. ಐದು ಹುಡುಗಿಯರಿಗೊಂದು ಮೆತ್ತನೆಯ ಹಳೆ ಸೀರೆ. ನೆರಳಿಗೂ ಅದೇ, ಗಾಯಕ್ಕೂ ಅದೇ. ಇನ್ನೊಂದಿತ್ತು. ದಿನ ಹತ್ತಿರವಿರಲಿ ಬಿಡಲಿ, ಪ್ರತಿಯೊಬ್ಬಳ ಚೀಲದಲ್ಲೂ ಒಗೆದ ಅರಿವೆಯ ಸಣ್ಣ ಗಂಟು. ಅದನ್ನು ಮಾತ್ರ ಸುರಿಸುತ್ತಿರಲಿಲ್ಲ. ಪಕ್ಕಕ್ಕೆ ಬಂದು ಕೈಯಲ್ಲಿ ಮುಟ್ಟಿ ನೋಡಿ ಮುಂದೆ ಹೋಗುತ್ತಿದ್ದರು.

ಆ ಗಂಟು ನೋಡಿಯೇ ಅವ್ವ ದಿನ ಎಣಿಸಿದ್ದು. ಮುಟ್ಟಾದವರನ್ನು ನಮ್ಮ ಕಡೆ 'ಹೊರಗಾದಳು' ಎನ್ನುತ್ತಾರೆ. ಮೂರು ದಿನ ಅಡುಗೆಮನೆ, ದೇವರ ಜಗುಲಿ ಎರಡಕ್ಕೂ ದೂರ. ಅವ್ವ ನನ್ನನ್ನು ಕಳಿಸುವುದಿಲ್ಲ ಎಂದುಬಿಟ್ಟಳು. ನಾನು ಊಟ ಬಿಟ್ಟೆ. ಸುದ್ದಿ ತಿಳಿದು ಅಕ್ಕೋರೇ ಮನೆಗೆ ಬಂದರು.

"ಬ್ಯಾಡ್ರಿ ಅಕ್ಕೋರ, ಈಕಿ ಹೊರಗಾಗೂ ದಿನ ಸಮೀಪ ಬಂದೈತಿ," ಎಂದಳು ಅವ್ವ.

"ಹೊರಗಾದಾಕಿ ಹೊರಗ ಇರಬೇಕು, ಹೌದಲ್ರಿ? ನಾನೂ ಹೊರಗ ಕರಕೊಂಡು ಹೊಂಟೀನಿ. ಎರಡು ದಿನ ನಿಮ್ಮ ಮನಿ ಒಳಗ ಕಾಲು ಸೈತ ಇಡಂಗಿಲ್ಲ ಈಕಿ."

ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಕ್ಕ ಮೇಲೆ ಬೇಡ ಎನ್ನಲಾಗಲಿಲ್ಲ.

ಗುಡ್ಡದ ಅರ್ಧದಲ್ಲಿ ತಂಗಿದ್ದೆವು. ಬೆಳಗ್ಗೆ ಏಳುವಷ್ಟರಲ್ಲಿ ಅವ್ವ ಹೆದರಿದ್ದು ಆಗಿತ್ತು. ಗೆಳತಿಯರಿಬ್ಬರು ಬಂಡೆಗಳ ನಡುವೆ ಹಳೆ ಸೀರೆ ಮರೆ ಹಿಡಿದರು, ನಾನು ಬಟ್ಟೆ ಬದಲಿಸಿದೆ. ಗುಡ್ಡದ ತುದಿಯಲ್ಲಿ ಹಣಮಪ್ಪನ ಪುಟ್ಟ ಗುಡಿ. ಎಲ್ಲರೂ ಹೊರಡಲು ಸಾಲು ನಿಂತಾಗ ನಾನು ಯಾರೂ ಹೇಳದೆಯೇ ದೂರ ಹೋಗಿ ಕುಳಿತೆ. ಕಲಿತದ್ದು ಅದನ್ನೇ ಅಲ್ಲವೇ? ಅಳು ಒತ್ತರಿಸಿ ಬರುತ್ತಿತ್ತು. ಅಕ್ಕೋರು ಬಂದು, ನನ್ನ ಭುಜಕ್ಕೆ ಭುಜ ತಾಗಿಸಿಯೇ ಕುಳಿತರು.

"ಯಾಕವಾ?"

"ನಾ ಬರಂಗಿಲ್ರಿ. ಹೊರಗಾಗೀನಿ. ಮ್ಯಾಲ ದೇವರು ಐತಿ."

ಅವರು ಶೂ ಲಾಡಿ ಬಿಗಿಯುತ್ತ, "ನಂಗೂ ನಿನ್ನೆನ ಆಗೈತಿ," ಎಂದರು. "ಹಂಗಂತ ನಾ ಇಲ್ಲೇ ಕುಂತ್ರ ಇವ್ರನ್ನ ಯಾರು ಕರಕೊಂಡು ಹೋಗಬೇಕು? ನಡಿ. ಹಣಮಪ್ಪಗ ಗುಡ್ಡ ಹತ್ತೂರನ್ನ ಕಂಡ್ರ ಭಾಳ ಪ್ರೀತಿ."

ಹತ್ತಿದೆ. ಭತ್ತದ ಗದ್ದೆಗಳಾಚೆ ತುಂಗಭದ್ರೆ ಕಂಡಿತು. ಗುಡಿಯ ಕಟ್ಟೆಯ ಮೇಲೆ ಅಕ್ಕೋರು ಕುಳಿತರು, ನಾನೂ ಕುಳಿತೆ. ಏನೂ ಆಗಲಿಲ್ಲ, ಗಾಳಿ ಬೀಸುತ್ತಿತ್ತು ಅಷ್ಟೆ. ಅಂದಿನಿಂದ ನಾನು ಮನೆಯಲ್ಲೂ ಮೂಲೆ ಹಿಡಿಯಲಿಲ್ಲ. ಅವ್ವ ಬೈದು ಬೈದು ದಣಿದು ಬಿಟ್ಟಳು. ಈಗ ರಜೆ ಸಿಕ್ಕರೆ ಸಾಕು, ದಿನ ನೋಡದೆ ಯಾವುದೋ ಬೆಟ್ಟಕ್ಕೆ ಹೊರಟುಬಿಡುತ್ತೇನೆ.

ಹೋದ ವರ್ಷ ಅಕ್ಕೋರು ತೀರಿಕೊಂಡರು. ನನಗೆ ಸುದ್ದಿ ತಡವಾಗಿ ಮುಟ್ಟಿತು. ಮನೆಯವರನ್ನು ಮಾತನಾಡಿಸಲು ಕುಷ್ಟಗಿಗೆ ಹೋದಾಗ ಅವರ ತಂಗಿ ನೀರು ಕೊಟ್ಟು ಎದುರು ಕುಳಿತರು.

"ಅಕ್ಕಗ ಮಕ್ಕಳಂದ್ರ ಜೀವ ಇತ್ತವಾ. ಏನ್ ಮಾಡೂದು, ಮೂವತ್ತೆರಡಕ್ಕನ ಗರ್ಭಚೀಲ ತಗದ್ರು. ಆಮ್ಯಾಲ ಸಾಲಿ ಹುಡುಗ್ಯಾರ ಆಕೀಗೆ ಎಲ್ಲಾ."

ನಾನು ವರ್ಷ ಎಣಿಸಿದೆ. ನಮ್ಮನ್ನು ಗುಡ್ಡಕ್ಕೆ ಕರೆದೊಯ್ದಾಗ ಅಕ್ಕೋರಿಗೆ ನಲವತ್ತು ದಾಟಿತ್ತು. ಇಷ್ಟು ವರ್ಷ ನಾವಿಬ್ಬರು ಎಂದುಕೊಂಡೇ ಬಂದಿದ್ದೆ. ಅಂದು ಆ ಗುಡ್ಡದ ಮೇಲೆ ಹೊರಗಾಗಿದ್ದವಳು ನಾನೊಬ್ಬಳೇ.